ಬೇಲಿಯಿಲ್ಲದ ಹೊಲಗಳ ಊರು: ಲ್ಯಾಕ್ಸ್ಟನ್

ಇಂಗ್ಲೆಂಡಿನ ಚರಿತ್ರೆಯೆಂದೊಡನೆ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವುದು ಅರಸರ ಪಟ್ಟಿ, ಯುದ್ಧಗಳ ತೇದಿ, ಪಾರ್ಲಿಮೆಂಟಿನ ಕಲಹಗಳು. ಆ ದೇಶದಲ್ಲಿಯೂ ನೇಗಿಲು ಹಿಡಿದವರಿದ್ದರು, ಹೊಲದ ಬದುವಿಗಾಗಿ ಜಗಳವಾಡಿದವರಿದ್ದರು, ದನ ಮೇಯಿಸಲು ತಾವಿಲ್ಲದೆ ಊರು ಬಿಟ್ಟವರಿದ್ದರು ಎಂಬ ಸಂಗತಿಯು ಪಾಠಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳೊಳಗೆ ಮುಗಿದುಹೋಗುತ್ತದೆ. ಮಧ್ಯಯುಗದಲ್ಲಿ ಇಂಗ್ಲೆಂಡಿನ ಬಹುಭಾಗದ ಹಳ್ಳಿಗಳು ಬೇಲಿಯಿಲ್ಲದ ಬಯಲು ಹೊಲಗಳನ್ನು ಕೂಡಿ ಉಳುತ್ತಿದ್ದುವು. ಆ ಪದ್ಧತಿಯು ಸಾವಿರಾರು ಊರುಗಳಲ್ಲಿ ಅಳಿದುಹೋಗಿ, ಅದರ ಎಲ್ಲ ಅಂಗಗಳೊಡನೆ ಒಂದೇ ಒಂದು ಊರಿನಲ್ಲಿ ಇಂದಿಗೂ ನಡೆದುಬಂದಿದೆ. ಆ ಊರಿನ ಹೆಸರು ಲ್ಯಾಕ್ಸ್ಟನ್. ಈ ಲೇಖಕನು ಅದನ್ನು ಕಣ್ಣಾರೆ ಕಂಡವನಲ್ಲ. ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದಾನೆ.

ಲ್ಯಾಕ್ಸ್ಟನ್ ಇರುವುದು ನಾಟಿಂಗ್‌ಹ್ಯಾಮ್ ಜಿಲ್ಲೆಯಲ್ಲಿ, ಶೆರ್‌ವುಡ್ ಕಾಡಿನ ಪೂರ್ವಕ್ಕೆ. ರಾಬಿನ್‌ಹುಡ್ಡನ ಕಥೆಯಿಂದಾಗಿ ಆ ಕಾಡಿನ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಕೆಂಪು ಜೇಡಿಯ ಭಾರವಾದ ನೆಲ; ಮಳೆ ಬಿದ್ದರೆ ಕಾಲಿಗೆ ಅಂಟುವಂಥದು. ಊರೆಂದರೆ ಒಂದೆರಡು ಬೀದಿ, ಬೀದಿಯುದ್ದಕ್ಕೆ ಕೆಂಪು ಇಟ್ಟಿಗೆಯ ಒಕ್ಕಲು ಮನೆಗಳು, ಒಂದು ಚರ್ಚು, ಒಂದು ಪಾನಗೃಹ. ನೆರೆಹೊರೆಯ ಎಷ್ಟೋ ಊರುಗಳಲ್ಲಿ ರೈತನ ಮನೆಯು ಅವನ ಹೊಲದ ನಡುವೆ ಒಂಟಿಯಾಗಿ ನಿಂತಿದ್ದರೆ, ಇಲ್ಲಿ ಮನೆಗಳೆಲ್ಲ ಊರೊಳಗೆ ಒಂದರ ಪಕ್ಕದಲ್ಲೊಂದು ಸೇರಿಕೊಂಡಿವೆ. ಇದಕ್ಕೆ ಕಾರಣವಿದೆ. ಲ್ಯಾಕ್ಸ್ಟನ್ನಿನ ಒಕ್ಕಲಿಗನಿಗೆ ‘ಇದು ನನ್ನ ಹೊಲ’ ಎಂದು ಒಂದೇ ಕಡೆ ಬೊಟ್ಟು ಮಾಡಿ ತೋರಿಸಲು ಬಾರದು. ಅವನ ಸಾಗುವಳಿಯ ಭೂಮಿ ಊರಿನ ಮೂರು ದಿಕ್ಕುಗಳಲ್ಲಿ ಪಟ್ಟೆ ಪಟ್ಟೆಯಾಗಿ ಹಂಚಿಕೊಂಡಿದೆ.

ಆ ಮೂರು ದೊಡ್ಡ ಬಯಲುಗಳಿಗೆ ಪಶ್ಚಿಮದ ಹೊಲ, ದಕ್ಷಿಣದ ಹೊಲ, ಗಿರಣಿಯ ಹೊಲ ಎಂದು ಹೆಸರು. ಗಾಳಿಗಿರಣಿ ಎಂದೋ ಮಾಯವಾಗಿದೆ, ಹೆಸರು ಉಳಿದಿದೆ. ಒಂದು ಬಯಲಿನಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತಿದ ಗೋಧಿ. ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿ, ಓಟ್ಸು, ಬಟಾಣಿ ಮುಂತಾದವು. ಮೂರನೆಯದು ಆ ವರ್ಷ ಹಡಿಲು. ಮರುವರ್ಷ ಸರದಿ ಬದಲಾಗುತ್ತದೆ. ಹಡಿಲು ಬಿಟ್ಟ ನೆಲಕ್ಕೆ ವಿಶ್ರಾಂತಿ, ಊರ ದನಕುರಿಗಳಿಗೆ ಮೇವು, ನೆಲಕ್ಕೆ ಅವುಗಳ ಗೊಬ್ಬರ. ಈಚಿನ ದಶಕಗಳಲ್ಲಿ ಆ ಮೂರನೆಯ ಬಯಲಿನಲ್ಲಿ ಹುಲ್ಲುಮೇವು ಬೆಳೆಸುವುದು ರೂಢಿಗೆ ಬಂದಿದೆ. ಒಬ್ಬನು ಗೋಧಿಯ ಬಯಲಿನಲ್ಲಿ ತನ್ನ ಪಟ್ಟೆಗೆ ಮಾತ್ರ ಬೇರೆ ಬೆಳೆ ಹಾಕುತ್ತೇನೆ ಎನ್ನುವಂತಿಲ್ಲ. ಬಯಲೆಲ್ಲ ಒಂದೇ ಸರದಿಗೆ ಒಳಪಟ್ಟಿರಬೇಕು. ಬೇಲಿಯಿಲ್ಲದ ಕಡೆ ಇದನ್ನು ಬಿಟ್ಟರೆ ಬೇರೆ ದಾರಿಯೂ ಇಲ್ಲ.

ಪಟ್ಟೆಯ ಅಳತೆಯ ವಿಚಾರದಲ್ಲಿ ನಮಗೊಂದು ಸ್ವಾರಸ್ಯವುಂಟು. ಫರ್ಲಾಂಗು, ಎಕರೆ ಎಂಬ ಮಾತುಗಳನ್ನು ನಾವು ನಮ್ಮವೇ ಎಂಬಷ್ಟು ಸಲಿಗೆಯಿಂದ ಬಳಸುತ್ತೇವೆ. ‘ಪೇಟೆಗೆ ನಾಲ್ಕು ಫರ್ಲಾಂಗು’ ಎಂದು ಹೇಳುವ ನಮ್ಮ ಹಿರಿಯರಿಗೆ ಆ ಶಬ್ದವು ಹೊಲದಿಂದ ಬಂದದ್ದೆಂದು ಯಾರೂ ಹೇಳಿರಲಾರರು. ಫರ್ಲಾಂಗು ಎಂದರೆ ಉಳುಮೆಯ ಸಾಲಿನ ಉದ್ದ, 220 ಗಜ. ಎತ್ತುಗಳು ದಣಿಯದೆ ಒಂದೇ ಉಸಿರಿಗೆ ನೇಗಿಲೆಳೆಯಬಲ್ಲ ದೂರವದು ಎಂದು ತಿಳಿದವರು ಹೇಳುತ್ತಾರೆ. ಅಷ್ಟು ಉದ್ದಕ್ಕೆ 22 ಗಜ ಅಗಲ ಸೇರಿದರೆ 4840 ಚದರ ಗಜ, ಅಂದರೆ ಒಂದು ಎಕರೆ. ಒಂದು ದಿನದ ಉಳುಮೆಯೆಂದು ಅದನ್ನು ಎಣಿಸುತ್ತಿದ್ದರು. ಭಾರವಾದ ನೆಲಕ್ಕೆ ಎಂಟು ಎತ್ತುಗಳನ್ನು ಹೂಡುವ ವಾಡಿಕೆಯಿತ್ತು. ಅಷ್ಟು ಉದ್ದದ ಹೂಟೆಯನ್ನು ಪಟ್ಟೆಯ ಕೊನೆಯಲ್ಲಿ ತಿರುಗಿಸಬೇಕಾದರೆ ಮುಂಚಿನಿಂದಲೇ ಓರೆಯಾಗಿ ನಡೆಸಿಕೊಂಡು ಬರಬೇಕು. ಆದುದರಿಂದ ಹಳೆಯ ಪಟ್ಟೆಗಳು ನೇರವಾಗಿರದೆ ಎರಡೂ ತುದಿಗಳಲ್ಲಿ ಬಾಗಿರುತ್ತಿದ್ದುವು. ಹುಲ್ಲುಗಾವಲಾಗಿ ಮಾರ್ಪಟ್ಟ ನೆಲದಲ್ಲಿ ಆ ಏರು ತಗ್ಗುಗಳು ಇಂದಿಗೂ ಕಾಣುತ್ತವೆ. ಉತ್ತವರ ಹೆಸರು ಎಲ್ಲಿಯೂ ಉಳಿಯದಿದ್ದರೂ ಅವರ ಎತ್ತುಗಳು ತಿರುಗಿದ ಗುರುತು ಉಳಿದಿದೆ.

ಒಬ್ಬನ ಭೂಮಿಯನ್ನು ಹೀಗೆ ಚದರಿಸಿದ್ದೇತಕ್ಕೆ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಒಳ್ಳೆಯ ನೆಲ, ಕೆಟ್ಟ ನೆಲ ಎಲ್ಲರಿಗೂ ಸಮನಾಗಿ ಸಿಗಲೆಂದು ಹಂಚಿದರೆಂಬುದು ಹಳೆಯ ಅಭಿಪ್ರಾಯ. ಆಕ್ಸ್‌ಫರ್ಡಿನ ಕೃಷಿ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಆರ್ವಿನ್ ಮತ್ತು ಅವರ ಪತ್ನಿ ಕ್ರಿಸ್ಟಬೆಲ್ ಆರ್ವಿನ್ 1938ರಲ್ಲಿ ಬಯಲು ಹೊಲಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಲ್ಯಾಕ್ಸ್ಟನ್ನನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡರು. ನೇಗಿಲನ್ನೂ ಎತ್ತುಗಳನ್ನೂ ಕೂಡಿ ಹೂಡಿದ ನೆರೆಯವರು ದಿನ ದಿನದ ಉಳುಮೆಯನ್ನು ಸರದಿಯಂತೆ ಪಾಲು ಮಾಡಿಕೊಂಡುದರಿಂದ ಪಟ್ಟೆಗಳು ತಾವಾಗಿ ಚದರಿದುವೆಂದು ಅವರ ವಾದ. ಒಂದು ಕಡೆ ನೀರು ನಿಂತು ಬೆಳೆ ಕೊಳೆತರೂ ಇನ್ನೊಂದು ಕಡೆಯದು ಉಳಿಯಲೆಂಬ ಮುಂದಾಲೋಚನೆಯೇ ಕಾರಣವೆಂದು ಅವರ ತರುವಾಯದ ಕೆಲವರು ಹೇಳಿದ್ದಾರೆ. ತಗ್ಗಿನ ಬೈಲಿನಲ್ಲೊಂದು ತುಂಡು, ಎತ್ತರದ ಬೆಟ್ಟಿನಲ್ಲೊಂದು ತುಂಡು ಇಟ್ಟುಕೊಂಡಿರುವ ರೈತನಿಗೆ ಈ ಕೊನೆಯ ಮಾತು ಬಿಡಿಸಿ ಹೇಳಬೇಕಾದುದಲ್ಲ.

ಊರು ಬಹಳ ಹಳೆಯದು. ನಾರ್ಮನ್ ದೊರೆ ವಿಲಿಯಮನು 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲಿ ಅದರ ಹೆಸರಿದೆ. ಟೋಕಿ ಎಂಬವನ ವಶದಲ್ಲಿದ್ದ ಊರು ಆ ವೇಳೆಗೆ ಜೆಫ್ರಿ ಆಲ್ಸೆಲಿನ್ ಎಂಬ ನಾರ್ಮನ್ ಒಡೆಯನ ಕೈ ಸೇರಿತ್ತು. ಊರ ಉತ್ತರದಲ್ಲಿ ಮಣ್ಣಿನ ದೊಡ್ಡ ದಿಬ್ಬವೂ ಕಂದಕಗಳೂ ಇವೆ. ನಾರ್ಮನ್ನರ ಕಾಲದ ಕೋಟೆ ನಿಂತಿದ್ದ ಸ್ಥಳವದು. ಮರದ ಕಟ್ಟಡಗಳು ಅಳಿದು ಮಣ್ಣು ಮಾತ್ರ ಉಳಿದಿದೆ. ಶೆರ್‌ವುಡ್ ಕಾಡಿನ ಕಾವಲಿನ ಅಧಿಕಾರವು ವಂಶಪಾರಂಪರ್ಯವಾಗಿ ಈ ಕೋಟೆಯ ಒಡೆಯರಿಗಿತ್ತು. ಎವರಿಂಗ್‌ಹ್ಯಾಮ್ ಮನೆತನದವರು 13ನೆಯ ಶತಮಾನದ ಕೊನೆಯಲ್ಲಿ, ತಾವು ಕಾಯಬೇಕಾದ ಜಿಂಕೆಗಳನ್ನು ತಾವೇ ಬೇಟೆಯಾಡಿದ ಅಪರಾಧಕ್ಕಾಗಿ ಆ ಪದವಿಯನ್ನು ಕಳೆದುಕೊಂಡರು. ಸಂತ ಮೈಕೇಲನ ಚರ್ಚಿನಲ್ಲಿ ಆ ಮನೆತನದವರ ಪ್ರತಿಮೆಗಳು ಮಲಗಿದ ಭಂಗಿಯಲ್ಲಿವೆ. ಉಳಿದುವು ಕಲ್ಲಿನವಾದರೆ ಒಬ್ಬ ಸ್ತ್ರೀಯದು ಮಾತ್ರ ಓಕ್ ಮರದ್ದು. ಆ ಜಿಲ್ಲೆಯಲ್ಲಿ ಅಂಥ ಹಳೆಯ ಮರದ ಪ್ರತಿಮೆ ಬೇರೊಂದಿಲ್ಲವಂತೆ. ಊರಿನ ಹೆಸರಿನ ಹಳೆಯ ರೂಪ ಲೆಕ್ಸಿಂಗ್ಟನ್. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಮೊದಲ ಗುಂಡು ಹಾರಿದ ಲೆಕ್ಸಿಂಗ್ಟನ್ನಿಗೆ ಹೆಸರು ಹೋದದ್ದು ಇಲ್ಲಿಂದಲೇ ಎನ್ನುವವರುಂಟು; ಒಪ್ಪದವರೂ ಉಂಟು.

ಲ್ಯಾಕ್ಸ್ಟನ್ನಿನ ಅತ್ಯಂತ ಬೆಲೆಯುಳ್ಳ ಆಸ್ತಿಯು ಈಗ ಊರಿನಲ್ಲಿಲ್ಲ; ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದು 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರನು ಬರೆದ ನಕ್ಷೆ. ಒಂದೊಂದು ಪಟ್ಟೆಯನ್ನೂ ಗೆರೆ ಎಳೆದು ತೋರಿಸಿ, ಜೊತೆಯ ಪುಸ್ತಕದಲ್ಲಿ ಅದು ಯಾರದು, ಎಷ್ಟು ಅಳತೆ ಎಂಬುದನ್ನು ನಮೂದಿಸಿದ್ದಾನೆ. ಅಷ್ಟಕ್ಕೆ ತೃಪ್ತನಾಗದೆ ನಕ್ಷೆಯ ಖಾಲಿ ಜಾಗಗಳಲ್ಲಿ ಉಳುವವರು, ಕೊಯ್ಯುವವರು, ಬೇಟೆಗಾರರು, ಓಡುವ ಜಿಂಕೆಗಳು, ಇವುಗಳ ಸಣ್ಣ ಚಿತ್ರಗಳನ್ನೂ ಬರೆದಿದ್ದಾನೆ. ಕಂದಾಯದ ಕಾಗದಪತ್ರಗಳಲ್ಲಿ ಇಂಥ ಸೊಗಸು ಅಪರೂಪವೇ ಸರಿ.

ಈ ನಕ್ಷೆಯನ್ನು ಬರೆಯಿಸಿದವನು ಆಗ ಊರಿನ ಒಡೆಯನಾಗಿದ್ದ ಸರ್ ವಿಲಿಯಂ ಕೋರ್ಟನ್, ಲಂಡನ್ನಿನ ದೊಡ್ಡ ವರ್ತಕ. ಕನ್ನಡಿಗರಾದ ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅದೇ 1635ರ ಡಿಸೆಂಬರಿನಲ್ಲಿ ಕೋರ್ಟನ್ನನ ಪಾಲುದಾರರ ಕೂಟಕ್ಕೆ ಪೂರ್ವದೇಶಗಳಲ್ಲಿ ವ್ಯಾಪಾರ ಮಾಡಲು ಚಾರ್ಲ್ಸ್ ದೊರೆಯ ಅಪ್ಪಣೆ ದೊರೆಯಿತು. ಈಸ್ಟ್ ಇಂಡಿಯಾ ಕಂಪೆನಿಗೆ ಅದು ಪ್ರತಿಸ್ಪರ್ಧಿ. ಕೋರ್ಟನ್ನನು 1636ರಲ್ಲಿ ತೀರಿಕೊಂಡರೂ ಹಡಗುಗಳು ಹೊರಟುವು. ಅವುಗಳ ನಾಯಕ ಜಾನ್ ವೆಡ್ಡೆಲ್ 1637ರಲ್ಲಿ ನಮ್ಮ ಭಟ್ಕಳಕ್ಕೆ ಬಂದು, ಮೆಣಸಿನ ವ್ಯಾಪಾರಕ್ಕಾಗಿ ಇಕ್ಕೇರಿಯ ವೀರಭದ್ರ ನಾಯಕನ ಬಳಿಗೆ ದೂತರನ್ನು ಕಳುಹಿಸಿದನು. ಆ ತಂಡದಲ್ಲಿದ್ದ ಪೀಟರ್ ಮಂಡಿ ಇಕ್ಕೇರಿಯನ್ನು ಕಂಡು ತನ್ನ ಪ್ರವಾಸದ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ಮರುವರ್ಷ ಕಾರವಾರದಲ್ಲಿ ಅವರ ಕೋಠಿ ತೆರೆಯಿತು. ನಮ್ಮ ಬೇಕಲದ ಕೋಟೆಯನ್ನು ಮುಂದೆ ಕಟ್ಟಿಸಿದ ಶಿವಪ್ಪ ನಾಯಕನು ಈ ವೀರಭದ್ರ ನಾಯಕನ ತರುವಾಯ ಪಟ್ಟವೇರಿದವನು. ಲ್ಯಾಕ್ಸ್ಟನ್ನಿನ ಪಟ್ಟೆಗಳನ್ನು ಅಳೆಯಿಸಿದ ಹಣಕ್ಕೂ ಮಲೆನಾಡಿನ ಮೆಣಸಿನ ಮೇಲಿದ್ದ ಆಸೆಗೂ ಮೂಲ ಒಂದೇ ಮನೆಯೆಂಬುದು ಓದುವಾಗ ಬೆರಗು ಹುಟ್ಟಿಸುತ್ತದೆ. ಆದರೆ ಆ ಮನೆ ಬಹುಕಾಲ ನಿಲ್ಲಲಿಲ್ಲ. ಸಾಲದ ಹೊರೆಯಲ್ಲಿ ಕೋರ್ಟನ್ನರು ಕುಸಿದರು. ಲ್ಯಾಕ್ಸ್ಟನ್ ಪಿಯರ್‌ಪಾಂಟ್ ಮನೆತನದ ಪಾಲಾಯಿತು. ಅವರೇ ಮುಂದೆ ಕಿಂಗ್‌ಸ್ಟನ್ನಿನ ಡ್ಯೂಕರಾದರು; ಅವರ ಆಸ್ತಿಗೆ ಉತ್ತರಾಧಿಕಾರಿಗಳಾಗಿ ಬಂದವರು ಮ್ಯಾನ್‌ವರ್ಸ್ ಅರ್ಲ್‌ಗಳು.

ಇನ್ನು ಮುಖ್ಯವಾದ ಪ್ರಶ್ನೆ. ಉಳಿದ ಊರುಗಳ ಬಯಲು ಹೊಲಗಳು ಎಲ್ಲಿ ಹೋದುವು? 1604ರಿಂದ 1914ರ ವರೆಗೆ ಇಂಗ್ಲೆಂಡಿನ ಪಾರ್ಲಿಮೆಂಟು ಬೇಲಿ ಹಾಕಿಕೊಳ್ಳಲು ಅಪ್ಪಣೆ ಕೊಡುವ 5200ಕ್ಕೂ ಮಿಕ್ಕಿದ ಶಾಸನಗಳನ್ನು ಮಾಡಿತು. ಅವು ಸುಮಾರು 68 ಲಕ್ಷ ಎಕರೆಗಳಿಗೆ, ಎಂದರೆ ದೇಶದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ನೆಲಕ್ಕೆ, ಅನ್ವಯಿಸಿದುವು. ಶಾಸನವಿಲ್ಲದೆ ಒಪ್ಪಂದದಿಂದಲೋ ಬಲದಿಂದಲೋ ಬೇಲಿಯೊಳಗಾದುದು ಬೇರೆ. ಚದರಿದ ಪಟ್ಟೆಗಳನ್ನು ಒಟ್ಟುಗೂಡಿಸಿ ಒಬ್ಬೊಬ್ಬನಿಗೆ ಒಂದೇ ಕಡೆ ಕೊಡುವುದು, ಊರ ಸಾಮಾನ್ಯ ಭೂಮಿಯನ್ನು ಭಾಗಮಾಡುವುದು, ಇದು ಆ ಶಾಸನಗಳ ಕ್ರಮ. ಇಳುವರಿ ಹೆಚ್ಚಲು ಇದು ಸಹಾಯಕವಾಯಿತೆಂದು ಹೇಳುವವರು ಸುಳ್ಳು ಹೇಳುವುದಿಲ್ಲ. ಆದರೆ ದೊಡ್ಡ ಹಿಡುವಳಿದಾರನಿಗೆ ದೊರೆತ ಪಾಲೆಷ್ಟು, ಒಂದು ಹಸು ಕಟ್ಟಿಕೊಂಡಿದ್ದ ಬಡವನಿಗೆ ದೊರೆತದ್ದೆಷ್ಟು ಎಂದು ಕೇಳಿದರೆ ಲೆಕ್ಕ ಬೇರೆಯಾಗುತ್ತದೆ. ಬೇಲಿ ಹಾಕುವ ಖರ್ಚನ್ನೂ ಅವನೇ ಹೊರಬೇಕಾಗಿತ್ತು. ಎಷ್ಟೋ ಜನ ಸಿಕ್ಕಿದ ತುಂಡನ್ನು ಮಾರಿ ಕೂಲಿಗಳಾದರು. ಹೆಲ್ಪ್‌ಸ್ಟನ್ನಿನ ರೈತಕವಿ ಜಾನ್ ಕ್ಲೇರನು ತನ್ನೂರಿಗೆ 1809ರ ಶಾಸನದಿಂದ ಒದಗಿದ ಗತಿಯನ್ನು ಬಾಳುದ್ದಕ್ಕೂ ಮರೆಯಲಿಲ್ಲ.

ಲ್ಯಾಕ್ಸ್ಟನ್ ಈ ಪ್ರವಾಹದಿಂದ ಪಾರಾದುದು ಹಳೆಯದರ ಮೇಲಿನ ಪ್ರೀತಿಯಿಂದಲ್ಲ. ಹಾಗೆ ಬರೆದರೆ ಲೇಖನಕ್ಕೆ ಸೊಗಸು ಬಂದೀತು, ಸತ್ಯಕ್ಕೆ ದೂರವಾದೀತು. ಅಲ್ಲಿ ಇಬ್ಬರು ದೊಡ್ಡ ಒಡೆಯರಿದ್ದರು: ಮ್ಯಾನ್‌ವರ್ಸ್ ಅರ್ಲ್ ಒಬ್ಬ, ಸ್ಕಾರ್‌ಬರೊ ಅರ್ಲ್ ಇನ್ನೊಬ್ಬ. ಜೊತೆಗೆ ಸ್ವಂತ ಭೂಮಿಯುಳ್ಳ ಸಣ್ಣ ರೈತರೂ ಹಲವರು. ದೊಡ್ಡವರಿಬ್ಬರಿಗೂ ಹೊಂದಾಣಿಕೆಯಾಗಲಿಲ್ಲ. ಅಂಚಿನ ಭಾಗಗಳು ಆಗಾಗ ಬೇಲಿಯೊಳಗೆ ಸೇರುತ್ತ ಹೋದರೂ ನಡುವಣ ಮೂರು ಬಯಲುಗಳನ್ನು ಹಂಚಿಕೊಳ್ಳುವ ಕೆಲಸ ಎಂದಿಗೂ ಮುಗಿಯಲಿಲ್ಲ. ಇಬ್ಬರು ಧಣಿಗಳ ಭಿನ್ನಾಭಿಪ್ರಾಯವು ಊರಿನ ಹೊಲಗಳನ್ನು ಉಳಿಸಿತು. ಕಾಲಕ್ರಮದಲ್ಲಿ ಅಂಥ ಊರುಗಳು ಅಪರೂಪವಾಗಿ, ಅಪರೂಪವೇ ಒಂದು ಬೆಲೆಯಾಯಿತು.

ಹಳೆಯ ಪದ್ಧತಿಯಲ್ಲಿ ಎಲ್ಲರೂ ಸಮಾನರಾಗಿದ್ದರೆಂದೂ ಭಾವಿಸಬಾರದು. ಮಧ್ಯಯುಗದ ಒಕ್ಕಲು ತನ್ನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಊರ ಸಾಮಾನ್ಯ ಭೂಮಿಯಲ್ಲಿ ಮೇಯಿಸುವ ಹಕ್ಕು ಕೂಡ ಮನುಷ್ಯನಿಗೆ ಸೇರಿದುದಾಗಿರದೆ ಮನೆನಿವೇಶನಕ್ಕೆ ಅಂಟಿಕೊಂಡಿತ್ತು. ನಮ್ಮ ಕಡೆಯಲ್ಲಿ ವರ್ಗಭೂಮಿಯುಳ್ಳವನಿಗೆ ಕುಮ್ಕಿಯ ಸೌಲಭ್ಯ ಇದ್ದಂತೆ, ಅಂಥ ನಿವೇಶನವುಳ್ಳವನಿಗೆ ಮಾತ್ರ ಅಲ್ಲಿ ದನ ಕುರಿಗಳನ್ನು ಬಿಡುವ ಅಧಿಕಾರ. ಇಲ್ಲದವನು ನೋಡುತ್ತ ನಿಲ್ಲಬೇಕು. ಆದರೂ ಒಂದು ಮಾತನ್ನು ಆರ್ವಿನ್ ದಂಪತಿಗಳು ಎತ್ತಿ ತೋರಿಸಿದ್ದಾರೆ: ಕೂಲಿ ಮಾಡುವವನೊಬ್ಬನು ಕೆಲವು ಪಟ್ಟೆಗಳಿಂದ ಪ್ರಾರಂಭಿಸಿ ಮೆಲ್ಲಮೆಲ್ಲನೆ ದೊಡ್ಡ ಹಿಡುವಳಿಗೆ ಏರಲು ಇಂಥ ಊರಿನಲ್ಲಿ ಮೆಟ್ಟಿಲುಗಳಿದ್ದುವು. ಬೇಲಿ ಹಾಕಿದ ಊರುಗಳಲ್ಲಿ ಆ ಮೆಟ್ಟಿಲುಗಳು ಬಹುಮಟ್ಟಿಗೆ ಮುರಿದುಬಿದ್ದುವು.

20ನೆಯ ಶತಮಾನದ ಮೊದಲ ದಶಕದಲ್ಲಿ ಮ್ಯಾನ್‌ವರ್ಸ್ ಅರ್ಲ್ ಪಟ್ಟೆಗಳನ್ನು ಸೇರಿಸಿ, ಸಂಖ್ಯೆಯನ್ನು ಇಳಿಸಿ, ಅಗಲವನ್ನು ಹೆಚ್ಚಿಸಿದನು. ಮುಂದೆ ಟ್ರ್ಯಾಕ್ಟರು ಬಂದಾಗ ಇದರಿಂದ ಅನುಕೂಲವೇ ಆಯಿತು. ಆ ಮನೆತನಕ್ಕೆ ಊರನ್ನು ಇಟ್ಟುಕೊಳ್ಳುವುದು ಕಷ್ಟವಾದಾಗ 1952ರಲ್ಲಿ ಸರ್ಕಾರದ ಕೃಷಿ ಇಲಾಖೆಯು ಅದನ್ನು ಕೊಂಡಿತು. 1981ರಲ್ಲಿ ಅದು ರಾಜಸಂಪತ್ತನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು. ಆ ಸಂಸ್ಥೆಯೂ ಮಾರಲು ಹೊರಟಾಗ ಒಕ್ಕಲುಗಳಿಗೆ ಭಯ ಹುಟ್ಟಿದ್ದು ಸಹಜ. ಲಾಭವನ್ನೇ ನೋಡುವವನು ಕೊಂಡರೆ ಮೂರು ಹೊಲಗಳ ಗತಿಯೇನು? 2020ರಲ್ಲಿ ಮ್ಯಾನ್‌ವರ್ಸ್ ವಂಶಸ್ಥರ ಥೋರ್ಸ್‌ಬಿ ಎಸ್ಟೇಟು ಕೊಂಡುದರಿಂದ ಊರು ಸುತ್ತಿ ಬಂದು ಹಳೆಯ ಮನೆತನವನ್ನೇ ಸೇರಿತು. ಈಗ ಬಯಲು ಹೊಲಗಳ ವಿಸ್ತಾರ ಸುಮಾರು 480 ಎಕರೆ. ಅವುಗಳನ್ನು ಉಳುವ ಒಕ್ಕಲುಗಳ ಸಂಖ್ಯೆ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಬಂದಿದೆ. ನೆಲವನ್ನು ಕಾಯ್ದಿಡುವುದಕ್ಕಿಂತ ಉಳುವವರನ್ನು ಕಾಯ್ದಿಡುವುದು ಕಷ್ಟ.

ನೋಡಲು ಹೋದವರಿಗೆ ಅಲ್ಲಿ ಅರಮನೆಯಿಲ್ಲ, ಜಲಪಾತವಿಲ್ಲ. ಕೋಟೆಯ ದಿಬ್ಬವೇರಿದರೆ ಸುತ್ತಲಿನ ಬಯಲು ಕಾಣುತ್ತದೆ. ತಪ್ಪಿಸಿಕೊಂಡ ದನಗಳನ್ನು ಕೂಡುತ್ತಿದ್ದ ದೊಡ್ಡಿಯಿದೆ. ಪಾನಗೃಹದ ಹಿಂದಣ ಚಿಕ್ಕ ಕಟ್ಟಡವೊಂದರಲ್ಲಿ ಹೊಲಗಳ ಕಥೆಯನ್ನು ವಿವರಿಸುವ ಪ್ರದರ್ಶನವಿದೆ. ನೇಗಿಲಿಗೆ ಒಗ್ಗದ ತಗ್ಗಿನ ಹುಲ್ಲುಪಟ್ಟಿಗಳಿಗೆ ಅಲ್ಲಿ ‘ಸೈಕ್’ ಎಂದು ಹೆಸರು. ನೂರಾರು ವರ್ಷ ನೇಗಿಲು ಸೋಕದ ಆ ನೆಲದಲ್ಲಿ ಬೇರೆಡೆ ಕಾಣದಾದ ಕಾಡುಹೂಗಳು ಅರಳುವುದರಿಂದ ಸರ್ಕಾರವು ಅವುಗಳಿಗೆ ರಕ್ಷಣೆ ಕೊಟ್ಟಿದೆ. ಅಲ್ಲಿಯ ಹುಲ್ಲನ್ನು ವರ್ಷ ವರ್ಷ ಊರವರೊಳಗೆ ಏಲಂ ಹಾಕುವ ಪದ್ಧತಿಯಿದೆ. ಊರ ಹೊರಗೆ ಇನ್ನೊಂದು ಸಂಸ್ಥೆಯೂ ಇದೆ: ಹಿಟ್ಲರನ ಆಳ್ವಿಕೆಯಲ್ಲಿ ಕೊಲೆಯಾದ ಯಹೂದಿಗಳ ಸ್ಮರಣೆಗಾಗಿ 1995ರಲ್ಲಿ ತೆರೆದ ವಸ್ತುಸಂಗ್ರಹಾಲಯ. ಅದರ ತೋಟದಲ್ಲಿ ಸತ್ತವರ ನೆನಪಿಗಾಗಿ ನೆಟ್ಟ ಗುಲಾಬಿ ಗಿಡಗಳಿವೆ. ಶಾಲೆಯ ಮಕ್ಕಳು ಬಂದು ನೋಡಿಹೋಗುತ್ತಾರೆ.

ಆದರೆ ಲ್ಯಾಕ್ಸ್ಟನ್ನನ್ನು ನಿಜವಾಗಿ ನೋಡಬೇಕಾದವರು ನವೆಂಬರದ ಕೊನೆಯಲ್ಲಿ, ಚಳಿ ಕೆಸರುಗಳ ನಡುವೆ ಹೋಗಬೇಕು. ಹೊಲಗಳ ಆಡಳಿತ ನಡೆಸುವುದು ಲೀಟ್ ಕೋರ್ಟ್ ಎಂಬ ಮಧ್ಯಯುಗದ ನ್ಯಾಯಸಭೆ. ಇಂಗ್ಲೆಂಡಿನಲ್ಲಿ ಇಂಥ ಸಭೆಗಳಿಗೆ ಉಳಿದಿದ್ದ ಅಧಿಕಾರವನ್ನು 1977ರ ಶಾಸನವೊಂದು ತೆಗೆದುಹಾಕಿದಾಗಲೂ ಲ್ಯಾಕ್ಸ್ಟನ್ನಿನದನ್ನು ಮುಟ್ಟಲಿಲ್ಲ. ಸಭೆಗೆ ಮುಂಚೆ ಹನ್ನೆರಡು ಮಂದಿಯ ಜ್ಯೂರಿ ತನ್ನ ಮುಖ್ಯಸ್ಥನೊಡನೆ, ಆ ವರ್ಷ ಹೊಸದಾಗಿ ಗೋಧಿ ಬಿತ್ತಿದ ಬಯಲಿಗೆ ಹೋಗುತ್ತದೆ. ಇವರೆಲ್ಲರೂ ಊರಿನ ಒಕ್ಕಲುಗಳೇ. ಪಟ್ಟೆ ಪಟ್ಟೆಯ ಗಡಿಯನ್ನು ನೋಡುತ್ತಾರೆ. ಗುರುತು ಅಳಿಸಿದ ಕಡೆ ಗೂಟ ಹೊಡೆಯುತ್ತಾರೆ. ನೆರೆಯವನ ಪಟ್ಟೆಯೊಳಕ್ಕೆ ಒಂದು ಸಾಲು ಹೆಚ್ಚಾಗಿ ಉತ್ತವನು ಯಾರು, ಊರ ದಾರಿಯ ಅಂಚನ್ನು ನೇಗಿಲಿಗೆ ಸೇರಿಸಿಕೊಂಡವನು ಯಾರು, ಸೈಕಿನ ಹುಲ್ಲುನೆಲವನ್ನು ಕೆರೆದವನು ಯಾರು ಎಂದು ಗುರುತು ಹಾಕಿಕೊಳ್ಳುತ್ತಾರೆ. ಬಳಿಕ ಡವ್‌ಕೋಟ್ ಪಾನಗೃಹದಲ್ಲಿ ಊಟ.

ಒಂದು ವಾರದ ಅನಂತರ ಅದೇ ಪಾನಗೃಹದಲ್ಲಿ ಸಭೆ ಸೇರುತ್ತದೆ. ಒಡೆಯನ ಪರವಾಗಿ ಸ್ಟೀವರ್ಡ್ ಎಂಬ ಅಧಿಕಾರಿ ಕುಳಿತಿರುತ್ತಾನೆ. ಸಾಮಾನ್ಯವಾಗಿ ಅವನೊಬ್ಬ ವಕೀಲ. ಬರಬೇಕಾದವರ ಹೆಸರನ್ನು ಶಾಲೆಯ ಹಾಜರಿಯಂತೆ ಕೂಗುತ್ತಾರೆ. ಬಾರದವನಿಗೆ ಕೆಲವೇ ಪೆನ್ನಿಗಳ ದಂಡ. ಜ್ಯೂರಿಯವರು ತಾವು ಕಂಡ ತಪ್ಪುಗಳನ್ನು ಓದುತ್ತಾರೆ. ಗಡಿ ಮೀರಿ ಉತ್ತವನಿಗೂ ದಂಡವುಂಟು. ಅದರ ಮೊತ್ತ ದೊಡ್ಡದಲ್ಲ. ಆದರೆ ಮರುದಿನ ಅದೇ ದಾರಿಯಲ್ಲಿ ಅದೇ ನೆರೆಯವನ ಪಟ್ಟೆಯ ಪಕ್ಕಕ್ಕೇ ಟ್ರ್ಯಾಕ್ಟರನ್ನು ಹೊಡೆದುಕೊಂಡು ಹೋಗಬೇಕಾದವನಿಗೆ ಎಲ್ಲರೆದುರಿಗೆ ಹೆಸರು ಓದಿಸಿಕೊಂಡುದು ಸಣ್ಣ ಶಿಕ್ಷೆಯಲ್ಲ. ಕೊನೆಯಲ್ಲಿ ಬರುವ ವರ್ಷದ ಜ್ಯೂರಿಗೆ ಹೊಸಬರನ್ನು ಆರಿಸಿ ಪ್ರಮಾಣ ಮಾಡಿಸುತ್ತಾರೆ. ಅವರು ನೋಡಬೇಕಾದುದು ಇನ್ನೊಂದು ಬಯಲನ್ನು; ಈ ವರ್ಷ ನೋಡಿದ ಬಯಲಿಗೆ ಜ್ಯೂರಿ ಮತ್ತೆ ಬರುವುದು ಮೂರನೆಯ ವರ್ಷ, ಅಲ್ಲಿ ಪುನಃ ಗೋಧಿ ಮೊಳೆತಾಗ.